ಮಗುವಿನ ಕತ್ತು ಒಂದೇ ಕಡೆ ವಾಲತ್ತೆ, ಪಕ್ಕದಲ್ಲಿ ಗಂಟು ಬೇರೆ ಇದೆ: ಕಾಯ್ಬೇಕಾ, ಈಗಲೇ ಏನಾದ್ರೂ ಮಾಡ್ಬೇಕಾ?

ಪ್ರಶ್ನೆ: ನನ್ನ ಮಗನಿಗೆ ಈಗ 10 ವಾರ. ಹೊಟ್ಟೇಲಿ ಕೊನೇವರೆಗೂ ತಲೆ ಮೇಲೆ ಮಾಡ್ಕೊಂಡೇ ಇದ್ದ, ಬ್ರೀಚ್ ಅಂತ ಸಿಸೇರಿಯನ್ ಮಾಡಿದ್ರು. 3ನೇ ವಾರದಲ್ಲಿ ಸ್ನಾನ ಮಾಡಿಸುವಾಗ ಕತ್ತಿನ ಬಲಗಡೆ ಗೋಲಿಯಷ್ಟು ಗಟ್ಟಿ ಗಂಟು ಕೈಗೆ ಸಿಕ್ತು. ಈಗ ನೋಡಿದ್ರೆ ತಲೆ ಯಾವಾಗ್ಲೂ ಬಲ ಭುಜದ ಕಡೆ ವಾಲಿರತ್ತೆ, ಮುಖ ಮಾತ್ರ ಎಡಕ್ಕೆ. ತಲೆಯ ಹಿಂದೆ ಎಡಭಾಗ ಚಪ್ಪಟೆ ಆಗ್ತಾ ಇದೆ. ಒಂದು ಕಡೆ ಹಾಲು ಕುಡೀತಾನೆ, ಇನ್ನೊಂದು ಕಡೆ ಹಾಕಿದ್ರೆ ಬರೀ ಜಗಳ. ತೋರಿಸಿದ ಡಾಕ್ಟರ್ ‘ಕತ್ತು ನಿಂತ ಮೇಲೆ ತಾನೇ ಸರಿಹೋಗತ್ತೆ, ಕಾಯಿರಿ’ ಅಂದ್ರು. ನಮ್ಮತ್ತೆ ಗಂಟನ್ನ ದಿನಾ ಒತ್ತಿ ತಿಕ್ಕಿದ್ರೆ ಕರಗತ್ತೆ ಅಂತಾರೆ. ವಿಡಿಯೋ ನೋಡಿ ನಾನೇ ಸ್ಟ್ರೆಚ್ ಮಾಡೋಕೆ ಹೋದೆ, ಅವನು ಕಿರುಚಿದ ರೀತಿಗೆ ಕೈ ನಡುಗಿ ಬಿಟ್ಟುಬಿಟ್ಟೆ. ಇದು ಕ್ಯಾನ್ಸರ್ ಗಂಟಾ? ಹೆರಿಗೆಯಲ್ಲಿ ಏನಾದ್ರೂ ಎಡವಟ್ಟಾಯ್ತಾ? ಹೆಲ್ಮೆಟ್, ಆಪರೇಷನ್ ಎಲ್ಲಾ ಬೇಕಾಗತ್ತಾ?

ಉತ್ತರ: ಮೊದಲು ನಿಮ್ಮನ್ನ ರಾತ್ರಿ ನಿದ್ದೆಗೆಡಿಸ್ತಾ ಇರೋ ಪ್ರಶ್ನೆಗೆ ಬರ್ತೀನಿ. ನೀವು ಬರೆದಿರೋ ಚಿತ್ರ, ಅಂದ್ರೆ ಹುಟ್ಟಿದ 2-4 ವಾರಕ್ಕೆ ಕಾಣಿಸ್ಕೊಂಡ ಗಂಟು, ಅದೇ ಕಡೆ ವಾಲಿದ ತಲೆ, ಎದುರು ಕಡೆ ತಿರುಗಿದ ಮುಖ, ಬ್ರೀಚ್ ಮಗು, ಇಷ್ಟೂ ಸೇರಿದ್ರೆ ಅದು ನಾವು ಮಕ್ಕಳ ಫಿಸಿಯೋಥೆರಪಿಯಲ್ಲಿ ವಾರಾವಾರ ನೋಡೋ ಕಂಜೆನಿಟಲ್ ಮಸ್ಕ್ಯುಲರ್ ಟಾರ್ಟಿಕಾಲಿಸ್‌ಗೆ, ಅಂದ್ರೆ ಹುಟ್ಟಿನಿಂದ್ಲೇ ಕತ್ತಿನ ಒಂದು ಸ್ನಾಯು ಬಿಗಿದು ತಲೆ ವಾಲೋ ತೊಂದರೆಗೆ, ಅಚ್ಚುಹಾಕಿದ ಹಾಗಿದೆ. ಗಂಟಿಗೆ ಫೈಬ್ರೋಮಟೋಸಿಸ್ ಕಾಲೈ ಅಂತ ಹೆಸರು, ಹಳೇ ಪುಸ್ತಕಗಳಲ್ಲಿ ಸ್ಟರ್ನೋಮಾಸ್ಟಾಯ್ಡ್ ಟ್ಯೂಮರ್ ಅಂತಾನೂ ಬರೆದಿರ್ತಾರೆ, ಆ ಟ್ಯೂಮರ್ ಅನ್ನೋ ಪದ ರಿಪೋರ್ಟಲ್ಲಿ ಓದಿ ಅಳ್ತಾ ಬಂದ ತಾಯಂದಿರನ್ನ ನಾನು ಎಷ್ಟೋ ಜನರನ್ನ ನೋಡಿದ್ದೀನಿ. ಅದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗೋದೂ ಇಲ್ಲ. ಸ್ನಾಯುವಿನ ಒಳಗೇ ನಾರಿನಂಥ ಅಂಗಾಂಶ ದಪ್ಪ ಆಗಿರತ್ತೆ ಅಷ್ಟೆ. ಕೆಲವು ವಾರ ಸ್ವಲ್ಪ ದೊಡ್ಡದಾಗಿ, ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ಸಣ್ಣಗಾಗ್ತಾ ಹೋಗತ್ತೆ. ಆದ್ರೂ ನಾನು ಪತ್ರ ಓದಿ ಹೇಳ್ತಿದ್ದೀನೇ ಹೊರತು ಮುಟ್ಟಿ ನೋಡಿಲ್ಲ, ಹಾಗಾಗಿ ಒಂದು ಸಲ ಕತ್ತಿನ ಅಲ್ಟ್ರಾಸೌಂಡ್ ಮಾಡಿಸಿಬಿಡಿ, ಗಂಟು ಸ್ನಾಯುವಿನ ಒಳಗೇ ಇದೆ, ಸ್ನಾಯು ಜೊತೆಗೇ ಸರಿಯತ್ತೆ ಅಂತ ಅದ್ರಲ್ಲಿ ಕಂಡ್ರೆ ಸಾಕು. ಸೂಜಿ ಹಾಕಿ ತುಣುಕು ತೆಗೆಯೋದು, ಸಿಟಿ ಸ್ಕ್ಯಾನ್, ಇದ್ಯಾವ್ದೂ ಸಾಮಾನ್ಯವಾಗಿ ಬೇಕಾಗಲ್ಲ.

ಈ ಸ್ನಾಯು ಯಾವ್ದು ಅಂತ ನಿಮ್ಮ ಮೇಲೇ ನೋಡ್ಕೊಳ್ಳಿ. ಕನ್ನಡಿ ಮುಂದೆ ನಿಂತು ಮುಖಾನ ಪೂರ್ತಿ ಎಡಕ್ಕೆ ತಿರುಗಿಸಿ, ಬಲ ಕಿವಿಯ ಹಿಂದಿನ ಮೂಳೆಯಿಂದ ಎದೆಯ ನಡುಗುಂಡಿವರೆಗೆ ಹಗ್ಗದ ಹಾಗೆ ಒಂದು ಉಬ್ಬು ಎದ್ದು ನಿಲ್ಲತ್ತೆ ನೋಡಿ, ಅದೇ. ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಅಂತ, ಸ್ನಾಯುವಿಗಿಂತ ಹೆಸರೇ ಉದ್ದ. ಬಲಗಡೆಯದು ಬಿಗಿದ್ರೆ ತಲೆ ಬಲಕ್ಕೆ ವಾಲತ್ತೆ, ಮುಖ ಎಡಕ್ಕೆ ತಿರುಗತ್ತೆ. ನಿಮ್ಮ ಮಗನಿಗೆ ಆ ಬಲಗಡೆ ಹಗ್ಗ ಗಿಡ್ಡ ಆಗಿದೆ. ಮುಖ ಎಡಕ್ಕೇ ಇರೋದ್ರಿಂದ ಮಲಗಿದಾಗ ಭಾರ ಪೂರ್ತಿ ತಲೆಯ ಹಿಂದಿನ ಎಡಭಾಗದ ಮೇಲೆ ಬೀಳತ್ತೆ, ಅದಕ್ಕೇ ಅಲ್ಲಿ ಚಪ್ಪಟೆ. ಚಪ್ಪಟೆ ಆದ ಕಡೆಗೇ ತಲೆ ಮತ್ತೆ ಉರುಳಿ ಕೂರತ್ತೆ, ಕತ್ತು ಇನ್ನಷ್ಟು ಬಿಗಿಯತ್ತೆ. ಒಂದನ್ನೊಂದು ಸಾಕ್ಕೊಂಡು ಹೋಗೋ ಜೋಡಿ ಇದು. ಒಂದು ಕಡೆ ಹಾಲು ಕುಡಿಯದೇ ಇರೋದೂ ಹಟ ಅಲ್ಲ, ಆ ಕಡೆ ಹಿಡಿದಾಗ ಮುಖ ತಿರುಗಿಸೋಕೆ ಅವನಿಗೆ ಆಗ್ತಾ ಇಲ್ಲ.

ಹೆರಿಗೆಯಲ್ಲಿ ಎಡವಟ್ಟಾಯ್ತಾ ಅಂತ ಕೇಳಿದ್ದೀರಿ. ಮೊದಲೆಲ್ಲಾ ಹಾಗೇ ಅಂದ್ಕೊಂಡಿದ್ರು, ಎಳೆದಿದ್ದಕ್ಕೆ ಸ್ನಾಯು ಹರಿದು ರಕ್ತ ಕಟ್ಟಿ ಗಂಟಾಗತ್ತೆ ಅಂತ. ಆದ್ರೆ ಎಳೆಯೋದೇ ಇಲ್ಲದ ಸಿಸೇರಿಯನ್ ಮಕ್ಕಳಲ್ಲೂ ಇದು ಬರತ್ತೆ, ಹುಟ್ಟಿದ ದಿನವೇ ಸ್ನಾಯುವಿನಲ್ಲಿ ನಾರು ಬೆಳೆದಿರೋದೂ ಕಂಡಿದೆ, ಅಂದ್ರೆ ಕಥೆ ಎಷ್ಟೋ ಸಲ ಹೊಟ್ಟೆಯೊಳಗೇ ಶುರುವಾಗಿರತ್ತೆ. ಜಾಗ ಸಾಲದೆ ಕತ್ತು ವಾರಗಟ್ಟಲೆ ಒಂದೇ ಕಡೆ ಮಡಚಿಕೊಂಡಿದ್ರೆ ಆ ಸ್ನಾಯುವಿಗೆ ರಕ್ತ ಓಡಾಟ ಕಮ್ಮಿ ಆಗಿ ಒಳಗೇ ಒತ್ತಡ ಕಟ್ಟಿ ಆಮೇಲೆ ನಾರಾಗಿ ಗಟ್ಟಿಯಾಗತ್ತೆ ಅನ್ನೋ ವಿವರಣೆಯನ್ನ ಈಗ ಹೆಚ್ಚು ಜನ ಒಪ್ತಾರೆ. ಬ್ರೀಚ್, ಚೊಚ್ಚಲ ಬಸಿರು, ಅವಳಿ, ನೀರು ಕಮ್ಮಿ ಇರೋದು, ಇಲ್ಲೆಲ್ಲಾ ಇದು ಜಾಸ್ತಿ. ಹೆರಿಗೆ ಕಷ್ಟ ಆಗಿ ಇಕ್ಕಳ ಹಾಕಿದ ಮಕ್ಕಳಲ್ಲೂ ಕಾಣತ್ತೆ, ಆದ್ರೆ ಅಲ್ಲೂ ಎಷ್ಟೋ ಸಲ ಮೊದಲೇ ಬಿಗಿದಿದ್ದ ಕತ್ತಿನಿಂದ್ಲೇ ಹೆರಿಗೆ ಕಷ್ಟ ಆಗಿರಬಹುದು. ನೀವು ಬಸಿರಲ್ಲಿ ಹೇಗೆ ಮಲಗಿದ್ರಿ, ಏನು ಎತ್ತಿದ್ರಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದನ್ನ ತಲೆಯಿಂದ ತೆಗೆದುಹಾಕಿ.

ಇನ್ನು ‘ಕಾಯಿರಿ’ ಅನ್ನೋ ಮಾತು. ಇದರಲ್ಲಿ ನನಗೆ ಮುಲಾಜಿಲ್ಲ, ಕಾಯ್ಬೇಡಿ. ಆ ಡಾಕ್ಟರ್ ಪೂರ್ತಿ ತಪ್ಪು ಅಂತಲ್ಲ, ಈ ತೊಂದರೇಲಿ ಮೂರು ತರ ಇದೆ, ಸ್ನಾಯು ಬಿಗಿದೇ ಇಲ್ಲದೆ ಬರೀ ಅಭ್ಯಾಸಕ್ಕೆ ಒಂದೇ ಕಡೆ ನೋಡೋದು, ಸ್ನಾಯು ಬಿಗಿದಿದ್ರೂ ಗಂಟಿಲ್ಲದ್ದು, ಗಂಟೂ ಇರೋದು. ಮೊದಲನೇದು ಸುಲಭಕ್ಕೆ ಸರಿಹೋಗತ್ತೆ, ‘ತಾನೇ ಸರಿಹೋಯ್ತು’ ಅನ್ನೋ ಕಥೆಗಳು ಹೆಚ್ಚಾಗಿ ಅಲ್ಲಿಂದ ಬಂದಿರೋದು. ನಿಮ್ಮದು ಮೂರನೇದು. ಗಂಟು ತಾನೇ ಕರಗತ್ತೆ ನಿಜ, ಆದ್ರೆ ಗಂಟು ಹೋದ ಮಾತ್ರಕ್ಕೆ ಸ್ನಾಯು ಉದ್ದ ಆಯ್ತು ಅಂತಲ್ಲ, ಗೊಂದಲ ಆಗೋದು ಇಲ್ಲೇ. ಅಮೆರಿಕದ ಮಕ್ಕಳ ಫಿಸಿಯೋಥೆರಪಿಸ್ಟ್‌ಗಳು 2013ರಲ್ಲಿ ಮಾರ್ಗಸೂಚಿ ತಂದ್ರು, 2018ರಲ್ಲಿ ಪರಿಷ್ಕರಿಸಿದ್ರು, ಅದರಲ್ಲಿರೋ ಲೆಕ್ಕ ನಾನು ಎಲ್ಲಾ ಪೋಷಕರಿಗೂ ಹೇಳ್ತೀನಿ: 1 ತಿಂಗಳ ಒಳಗೆ ಶುರು ಮಾಡಿದ್ರೆ 98% ಮಕ್ಕಳಿಗೆ ಸುಮಾರು ಒಂದೂವರೆ ತಿಂಗಳಲ್ಲಿ ಕತ್ತಿನ ಚಲನೆ ಸರಿಹೋಗತ್ತೆ, 1 ತಿಂಗಳು ದಾಟಿದ್ರೆ ಸುಮಾರು 6 ತಿಂಗಳು ಹಿಡಿಯತ್ತೆ, 6 ತಿಂಗಳು ದಾಟಿ ಶುರು ಮಾಡಿದ್ರೆ 9-10 ತಿಂಗಳು ಬೇಕಾಗಬಹುದು. ನೀವು ನಡುವಿನ ಗುಂಪಲ್ಲಿದ್ದೀರಿ. ತಡ ಆಯ್ತು ಅಂತ ಕೊರಗೋ ಸ್ಥಿತಿ ಅಲ್ಲ, ಆದ್ರೆ ಇನ್ನೆರಡು ತಿಂಗಳು ಬಿಟ್ರೆ ಅವನ ಕತ್ತಿನ ಬಲ, ಬೇಡ ಅನ್ನೋ ಬುದ್ಧಿ ಎರಡೂ ಬೆಳೆದಿರತ್ತೆ, ಆಗ ಇದೇ ಕೆಲಸ ಕುಸ್ತಿ ಆಗತ್ತೆ.

ನಿಮ್ಮತ್ತೆಯವರ ಮಾತಿಗೆ ಬರೋಣ, ಅವರ ಕಾಳಜಿ ನಿಜವಾದ್ದೇ. ಸ್ನಾನ ಆದ್ಮೇಲೆ ಕತ್ತು, ಭುಜ, ಬೆನ್ನಿನ ಮೇಲೆ ಮೆತ್ತಗೆ ಕೈಯಾಡಿಸಲಿ, ಅಡ್ಡಿ ಇಲ್ಲ, ಮಗು ಸಡಿಲ ಆಗತ್ತೆ, ಸ್ಟ್ರೆಚ್‌ಗೆ ಮುಂಚೆ ಅದು ಒಳ್ಳೇದೇ. ಆದ್ರೆ ಗಂಟನ್ನೇ ಹುಡುಕಿ ಒತ್ತಿ ತಿಕ್ಕೋದು ಬೇಡ, ತಿಕ್ಕಿ ಕರಗಿಸೋ ವಸ್ತು ಅಲ್ಲ ಅದು, ನೋವಾಗತ್ತೆ, ಮತ್ತೆ ಆ ಜಾಗದ ಪಕ್ಕದಲ್ಲೇ ದೊಡ್ಡ ರಕ್ತನಾಳಗಳಿವೆ. ಕತ್ತು ಹಿಡಿದು ಟಕ್ ಅನ್ನೋ ಹಾಗೆ ತಿರುಗಿಸೋರು, ಕಾಲು ಹಿಡಿದು ತಲೆಕೆಳಗೆ ನೇತಾಡಿಸೋರು, ಇಂಥವರ ಕೈಗೆ ಮಾತ್ರ ಮಗುವನ್ನ ಕೊಡ್ಲೇಬೇಡಿ, ಯಾರು ಎಷ್ಟೇ ಹೆಸರುವಾಸಿ ಆಗಿರ್ಲಿ.

ಈಗ ಕೈ ನಡುಗಿದ ವಿಷಯ. ನೀವು ಬಿಟ್ಟಿದ್ದು ಒಳ್ಳೇದಾಯ್ತು. ವಿಡಿಯೋ ನೋಡಿ ಕಲಿಯೋ ಕೆಲಸ ಅಲ್ಲ ಇದು, ಒಂದು ಸಲ ಮಕ್ಕಳ ಫಿಸಿಯೋಥೆರಪಿಸ್ಟ್ ನಿಮ್ಮ ಕೈ ಮೇಲೆ ಕೈ ಇಟ್ಟು ತೋರಿಸ್ಬೇಕು, ಎಷ್ಟು ಬಲ ಅನ್ನೋದು ಮಾತಲ್ಲಿ ಹೇಳೋಕೆ ಬರಲ್ಲ. ಏನು ಮಾಡಿಸ್ತಾರೆ ಅನ್ನೋದನ್ನ ಮಾತ್ರ ಹೇಳ್ತೀನಿ, ನೀವು ಹೋದಾಗ ಹೊಸದು ಅನ್ನಿಸಬಾರದು. ನಿಮ್ಮ ಮಗನಿಗೆ ಬೇಕಾಗಿರೋದು ಎರಡು ಚಲನೆ. ಒಂದು, ಮುಖ ಬಲಕ್ಕೆ ತಿರುಗೋದು, ಗದ್ದ ಬಲ ಭುಜದ ಕಡೆ ಬರೋ ಹಾಗೆ. ಇನ್ನೊಂದು, ಎಡ ಕಿವಿ ಎಡ ಭುಜದ ಕಡೆ ಬಾಗೋದು. ಅಂಗಾತ ಮಲಗಿಸಿ, ಭುಜ ಹಾಸಿಗೆ ಬಿಟ್ಟು ಏಳದ ಹಾಗೆ ಒಂದು ಕೈ ಮೆತ್ತಗೆ ಇಟ್ಟು, ಇನ್ನೊಂದು ಕೈಯಲ್ಲಿ ತಲೆಯನ್ನ ಬಟ್ಟಲಲ್ಲಿ ಹಿಡಿದ ಹಾಗೆ ಹಿಡಿದು, ಎಲ್ಲಿ ಬಿಗಿ ಸಿಗತ್ತೋ ಅಲ್ಲಿವರೆಗೆ ಹೋಗಿ ನಿಲ್ಲೋದು, 10ರಿಂದ 30 ಸೆಕೆಂಡ್. ದಾಟೋದಲ್ಲ, ನಿಲ್ಲೋದು. ಅವನು ಉಲ್ಟಾ ತಳ್ಳಿದ್ರೆ ಬಿಡಿ, ಸಮಾಧಾನ ಮಾಡಿ, ಆಮೇಲೆ ಮತ್ತೆ. ಮುಖ ಕೆಂಪೇರಿ ಉಸಿರು ಕಟ್ಟಿ ಕಿರುಚ್ತಾ ಇದ್ರೆ ಆ ಹೊತ್ತಲ್ಲಿ ಸ್ನಾಯು ಬಿಗಿದಿರತ್ತೆ, ಬಿಗಿದ ಸ್ನಾಯುವನ್ನ ಎಳೆದು ಯಾವ ಲಾಭವೂ ಇಲ್ಲ. ಗುರ್ ಅನ್ನೋದು, ಸಿಡುಕೋದು ಬೇರೆ, ಬೇಡ ಅನ್ನೋ ತಕರಾರು ಅದು, ಎರಡು ವಾರದಲ್ಲಿ ನಿಮಗೇ ವ್ಯತ್ಯಾಸ ಗೊತ್ತಾಗತ್ತೆ.

ಒಬ್ಬ ತಂದೆ ನೆನಪಾಗ್ತಾರೆ, ತುಂಬಾ ಶಿಸ್ತಿನ ಮನುಷ್ಯ, ನಾನು ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಸ್ಟ್ರೆಚ್ ಮಾಡಿ ಪುಸ್ತಕದಲ್ಲಿ ಗೆರೆ ಎಳೆದು ಲೆಕ್ಕ ಇಟ್ಟಿದ್ರು. ಮುಂದಿನ ಸಲ ಬಂದಾಗ ನಾನು ಕೈ ಚಾಚಿದ ತಕ್ಷಣ ಆ ಪಾಪು ಕತ್ತನ್ನ ಆಮೆ ಹಾಗೆ ಒಳಗೆಳೆದುಕೊಂಡ್ಳು, ಇನ್ನೂ ಮುಟ್ಟೇ ಇಲ್ಲ. ಮೂರು ವಾರ ಸ್ಟ್ರೆಚ್ ಪೂರ್ತಿ ನಿಲ್ಲಿಸಿ ಬರೀ ಎತ್ಕೊಳ್ಳೋದು, ಮಲಗಿಸೋದು, ಆಟ ಆಡಿಸೋದು ಇದನ್ನಷ್ಟೇ ಬದಲಾಯಿಸಿದ್ವಿ. ಸುಧಾರಿಸ್ತು. ಅವತ್ತಿಂದ ನಾನು ಮೊದಲ ದಿನ ಸ್ಟ್ರೆಚ್‌ಗಿಂತ ಮುಂಚೆ ಇದನ್ನೇ ಕಲಿಸೋದು, ಯಾಕಂದ್ರೆ ಸ್ಟ್ರೆಚ್ ಎಲ್ಲಾ ಸೇರಿ ದಿನಕ್ಕೆ ಅರ್ಧ ಗಂಟೆ ಇರಬಹುದು, ಮಿಕ್ಕ ಇಪ್ಪತ್ತಮೂರೂವರೆ ಗಂಟೆ ಮಗು ಎಡಕ್ಕೇ ನೋಡ್ಕೊಂಡಿದ್ರೆ ಅರ್ಧ ಗಂಟೆ ಏನು ಮಾಡತ್ತೆ ಹೇಳಿ.

ಹಾಗಾಗಿ ನಿಮ್ಮ ಮನೇಲಿ ಇವತ್ತಿಂದ್ಲೇ ಬದಲಾಗ್ಬೇಕಾದ್ದು ಇದು. ತೊಟ್ಟಿಲು ಅಥವಾ ಹಾಸಿಗೆಯಲ್ಲಿ ಅವನನ್ನ ತಲೆ-ಕಾಲು ಅದಲು ಬದಲು ಮಾಡಿ ಮಲಗಿಸಿ ನೋಡಿ, ನೀವು, ಬಾಗಿಲು, ಬೆಳಕು, ಮನೆಯವರ ಸದ್ದು, ಎಲ್ಲಾ ಅವನ ಬಲಕ್ಕೆ ಬರ್ಬೇಕು, ಎಡಕ್ಕೆ ಬರೀ ಗೋಡೆ. ಮಾತಾಡಿಸೋದು, ಗಿಲಕಿ ಆಡಿಸೋದು ಬಲಗಡೆಯಿಂದ. ಮೊದಲೇ ಬಲಕ್ಕೆ ಹೋಗಿ ಕರೀಬೇಡಿ, ಅವನ ಕಣ್ಣೆದುರು ನಿಂತು ಕಣ್ಣಿಗೆ ಕಣ್ಣು ಸಿಕ್ಕ ಮೇಲೆ ನಿಧಾನಕ್ಕೆ ಬಲಕ್ಕೆ ಸರೀರಿ, ಕಣ್ಣು ಮೊದಲು ಬರತ್ತೆ, ಆಮೇಲೆ ಮೂಗು, ಆಮೇಲೆ ಗದ್ದ. ಎಚ್ಚರ ಇರುವಾಗ ಬೋರಲು ಮಲಗಿಸಿ, ನಿಮ್ಮ ಎದೆ ಮೇಲೆ, ತೊಡೆ ಮೇಲೆ, ಚಾಪೆ ಮೇಲೆ, ಎಲ್ಲಾದ್ರೂ ಸರಿ, ಒಂದು ಸಲಕ್ಕೆ ಎರಡೇ ನಿಮಿಷ ಆದ್ರೂ ಸಾಕು, ದಿನಕ್ಕೆ ಹತ್ತಾರು ಸಲ ಮಾಡ್ತಾ ಒಟ್ಟು ಹೊತ್ತನ್ನ ಏರಿಸ್ತಾ ಹೋಗಿ. ಎತ್ಕೊಂಡು ಓಡಾಡುವಾಗ ಬಲಪಕ್ಕ ಕೆಳಗೆ ಬರೋ ಹಾಗೆ ಅಡ್ಡಡ್ಡ ಹಿಡಿದು, ನಿಮ್ಮ ಮುಂಗೈ ಅವನ ಬಲ ಕಿವಿಗೂ ಬಲ ಭುಜಕ್ಕೂ ನಡುವೆ ಬರೋ ಹಾಗೆ ಇಟ್ಕೊಂಡ್ರೆ ತಲೆ ಎಡಕ್ಕೆ ಎತ್ತಿದ ಹಾಗಿರತ್ತೆ, ಬಲ ಸ್ನಾಯು ಉದ್ದ ಆಗತ್ತೆ. ಸ್ವಲ್ಪ ದೊಡ್ಡವನಾದ ಮೇಲೆ ಇದೇ ಭಂಗಿಯಲ್ಲಿ ಆಧಾರ ಕಮ್ಮಿ ಮಾಡಿದ್ರೆ ಅವನೇ ತಲೆ ಎತ್ತಿ ಹಿಡೀತಾನೆ, ಸೋತ ಎಡ ಸ್ನಾಯುವಿಗೆ ಬಲ ಬರತ್ತೆ. ಈ ಎರಡನೇ ಭಾಗವನ್ನ ತುಂಬಾ ಜನ ಮರೀತಾರೆ, ಬಿಗಿ ಬಿಟ್ಟಿತು, ಆದ್ರೂ ತಲೆ ವಾಲತ್ತೆ ಅಂತ ಬರ್ತಾರೆ, ಎದುರುಗಡೆ ಸ್ನಾಯುವಿಗೆ ಹಿಡಿದು ನಿಲ್ಲಿಸೋ ತಾಕತ್ತು ಬೆಳೆಸಿರಲ್ಲ. ಹಾಲಿನ ವಿಷಯಕ್ಕೆ, ಅವನು ಬೇಡ ಅನ್ನೋ ಕಡೆಗೆ ಮಡಿಲಲ್ಲಿ ಹಿಡಿಯೋ ಬದಲು ಕಂಕುಳ ಕೆಳಗೆ ಹಿಡಿದು ಕುಡಿಸಿ ನೋಡಿ, ಎಷ್ಟೋ ಜಗಳ ಅಲ್ಲೇ ಮುಗಿಯತ್ತೆ.

ನಿದ್ದೆ ಮಾತ್ರ ಅಂಗಾತವೇ. ಚಪ್ಪಟೆ ಆಗತ್ತೆ ಅಂತ ಪಕ್ಕಕ್ಕೆ ಆನಿಸಿ, ಬಟ್ಟೆ ಸುರುಳಿ ಇಟ್ಟು, ತಲೆ ಆಕಾರದ ದಿಂಬು ಹಾಕಿ ಮಲಗಿಸಬೇಡಿ, ಉಸಿರುಕಟ್ಟೋ ಅಪಾಯ ಇದೆ. ನಿದ್ದೆ ಹತ್ತಿದ ಮೇಲೆ ಮೆತ್ತಗೆ ಮುಖ ಬಲಕ್ಕೆ ತಿರುಗಿಸಿಡಿ, ಎಷ್ಟು ಹೊತ್ತು ಇರತ್ತೋ ಅಷ್ಟು.

ಒಂದು ಮುನ್ಸೂಚನೆ ಕೊಟ್ಟಿರ್ತೀನಿ. ಗಂಟಿರೋ ಮಕ್ಕಳಲ್ಲಿ ಅಪರೂಪಕ್ಕೆ ಸ್ಟ್ರೆಚ್ ಮಾಡುವಾಗ ಒಳಗೆ ಏನೋ ಪಟ್ ಅಂದ ಹಾಗಾಗಿ ಒಮ್ಮೆಲೇ ಕತ್ತು ಸಡಿಲ ಆಗತ್ತೆ, ಒಂದೆರಡು ದಿನ ಅಲ್ಲಿ ನೀಲಿಗಟ್ಟಬಹುದು. ಬಿಗಿದ ಸ್ನಾಯುವಿನ ಎಳೆ ಬಿಟ್ಟುಕೊಂಡಿದ್ದು ಅದು, ಗಮನಿಸಿದ ಮಕ್ಕಳಲ್ಲಿ ಮುಂದೆ ಇದರಿಂದ ತೊಂದರೆ ಕಂಡಿಲ್ಲ, ಆದ್ರೂ ಅವತ್ತು ನಿಲ್ಲಿಸಿ ಥೆರಪಿಸ್ಟ್‌ಗೆ ತೋರಿಸಿ. ಬೇಕು ಅಂತ ಅದನ್ನ ಮಾಡೋಕೆ ಹೋಗ್ಬೇಡಿ.

ಇನ್ನೊಂದು, ನೀವು ಕೇಳಿಲ್ಲ, ಆದ್ರೆ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದಿದ್ದೇ ಇದು: ಸೊಂಟದ ಕೀಲು ನೋಡಿದ್ದಾರಾ? ಕತ್ತು ಬಿಗಿದ ಮಕ್ಕಳಲ್ಲಿ ಸೊಂಟದ ಕೀಲು ಸರಿಯಾಗಿ ಕೂತಿರದೇ ಇರೋದು ಬೇರೆ ಮಕ್ಕಳಿಗಿಂತ ಜಾಸ್ತಿ, ಬ್ರೀಚ್ ಆಗಿದ್ರಂತೂ ಇನ್ನೂ ಜಾಸ್ತಿ. ನಿಮಗೆ ಎರಡೂ ಇದೆ. ಇದು ಹೊರಗೆ ಏನೂ ತೋರಿಸದೇ ಇರಬಹುದು, ನಡೆಯೋಕೆ ಶುರು ಮಾಡಿದಾಗ ಕುಂಟು ಕಂಡ್ರೆ ಅಷ್ಟೊತ್ತಿಗೆ ಚಿಕಿತ್ಸೆ ದೊಡ್ಡದಾಗಿರತ್ತೆ. ಈಗ ಒಂದು ಸೊಂಟದ ಅಲ್ಟ್ರಾಸೌಂಡ್ ಸಾಕು, ಕತ್ತಿನದು ಮಾಡಿಸೋ ದಿನವೇ ಮಾಡಿಸಿ.

ತಲೆ ವಾಲೋದೆಲ್ಲಾ ಸ್ನಾಯುವಿನದೇ ಅಲ್ಲ ಅನ್ನೋದೂ ಗೊತ್ತಿರಲಿ. ಕತ್ತು ಎರಡೂ ಕಡೆ ಸಲೀಸಾಗಿ ತಿರುಗತ್ತೆ, ಆದ್ರೂ ಕೂರಿಸಿದಾಗ ವಾಲತ್ತೆ, ಮಲಗಿಸಿದ್ರೆ ನೆಟ್ಟಗಾಗತ್ತೆ ಅಂದ್ರೆ ಕಣ್ಣಿನ ಡಾಕ್ಟರ್ ನೋಡ್ಬೇಕು, ಎರಡೆರಡು ಕಾಣೋದನ್ನ ತಪ್ಪಿಸೋಕೆ ಮಕ್ಕಳು ಹಾಗೆ ವಾಲಿಸ್ತಾರೆ. ಹಾಲು ಕುಡಿದ ಮೇಲೆ ಬೆನ್ನು ಸೆಟೆಸಿ ಕತ್ತು ತಿರುಚೋದು ಹುಳಿ ಮೇಲೆ ಬರೋ ತೊಂದರೆ ಇರಬಹುದು. ಕತ್ತಿನ ಮೂಳೆಗಳೇ ಕೂಡಿಕೊಂಡು ಹುಟ್ಟಿದ್ರೆ ಸ್ಟ್ರೆಚ್ ಮಾಡಲೇಬಾರದು, ಅದಕ್ಕೇ ಪರೀಕ್ಷೆ ಇಲ್ಲದೆ ಶುರು ಮಾಡ್ಬೇಡಿ ಅನ್ನೋದು. ವಾಲೋದು ಒಂದು ವಾರ ಈ ಕಡೆ, ಇನ್ನೊಂದು ವಾರ ಆ ಕಡೆ ಆದ್ರೆ, ಗಂಟು ಮೂರು ತಿಂಗಳಾದ ಮೇಲೂ ಬೆಳೀತಾನೇ ಹೋದ್ರೆ, ಒಂದು ಕೈ ಆಡಿಸದೇ ಇದ್ರೆ, ಚೆನ್ನಾಗಿದ್ದ ಮಗು ದೊಡ್ಡವನಾದ ಮೇಲೆ ಇದ್ದಕ್ಕಿದ್ದ ಹಾಗೆ ಕತ್ತು ವಾಲಿಸಿದ್ರೆ, ಜೊತೆಗೆ ವಾಂತಿ, ಮಂಕು, ಜ್ವರ ಇದ್ರೆ, ಇದ್ಯಾವ್ದನ್ನೂ ಟಾರ್ಟಿಕಾಲಿಸ್ ಅಂತ ಮನೇಲಿ ಇಟ್ಕೊಂಡು ಕೂರಬೇಡಿ.

ಚಪ್ಪಟೆ ತಲೆಯನ್ನ ದುಂಡಗೆ ಮಾಡೋಕೆ ಹಾಕೋ ಹೆಲ್ಮೆಟ್ ಬಗ್ಗೆ. ಈಗ ಆ ಮಾತೇ ಬೇಡ. ಅದರ ವಯಸ್ಸು ಸುಮಾರು 4-5 ತಿಂಗಳಾದ ಮೇಲೆ, ದಿನಕ್ಕೆ 23 ಗಂಟೆ ಹಾಕ್ಬೇಕು, ಬೆವರು, ಚರ್ಮ ಕೆಂಪಾಗೋದು ಎಲ್ಲಾ ಇರತ್ತೆ. 2014ರಲ್ಲಿ ನೆದರ್ಲೆಂಡ್ಸ್‌ನವರು 84 ಮಕ್ಕಳ ಮೇಲೆ ಪರೀಕ್ಷೆ ಮಾಡಿ ಹೆಲ್ಮೆಟ್ ಹಾಕಿದವರಿಗೂ ಹಾಕದವರಿಗೂ 2 ವರ್ಷದ ಹೊತ್ತಿಗೆ ತಲೆ ಆಕಾರದಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ ಅಂದ್ರು. ಆದ್ರೆ ಕತ್ತು ಬಿಗಿದ ಮಕ್ಕಳನ್ನ ಅವರು ಆ ಪರೀಕ್ಷೆಗೆ ಸೇರಿಸಿರಲಿಲ್ಲ, ಹಾಗಾಗಿ ಅದನ್ನ ನಿಮ್ಮ ಮಗನಿಗೆ ಹಾಗೇ ಅನ್ವಯಿಸೋಕೂ ಬರಲ್ಲ. ನನ್ನ ಅನುಭವದಲ್ಲಿ ಕತ್ತು ಬೇಗ ಬಿಟ್ಟರೆ ತಲೆ ಹೆಚ್ಚುಕಮ್ಮಿ ತಾನೇ ದುಂಡಗಾಗತ್ತೆ. 5-6 ತಿಂಗಳಿಗೆ ಕಿವಿ, ಹಣೆ ಒಂದು ಕಡೆ ಎದ್ದು ಕಾಣುವಷ್ಟು ಮುಂದೆ ಬಂದಿದ್ರೆ ಆಗ ಯೋಚನೆ ಮಾಡೋಣ. ಕತ್ತಿನ ಸ್ನಾಯು ಮೇಲೆ ಟೇಪ್ ಅಂಟಿಸೋದು, 4 ತಿಂಗಳಾದ ಮೇಲೆ ಕತ್ತಿನ ಸುತ್ತ ಹಾಕೋ ಮೆತ್ತನೆ ಕೊಳವೆ ಕಾಲರ್, ಇವೆಲ್ಲಾ ಕೆಲವರಿಗೆ ಉಪಯೋಗಕ್ಕೆ ಬರೋ ಸಣ್ಣ ಸಹಾಯಗಳು, ವ್ಯಾಯಾಮದ ಬದಲಿಗೆ ಅಲ್ಲ.

ಆಪರೇಷನ್‌ಗೆ ಹೋಗೋರು ಕಮ್ಮಿ. ಹಾಂಗ್‌ಕಾಂಗ್‌ನಲ್ಲಿ 821 ಮಕ್ಕಳನ್ನ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಟಿರೋ ಗುಂಪಿನಲ್ಲೇ ಸುಮಾರು 8% ಮಕ್ಕಳಿಗೆ ಮಾತ್ರ ಬೇಕಾಯ್ತು, ಗಂಟಿಲ್ಲದೆ ಬಿಗಿದವರಲ್ಲಿ ಇನ್ನೂ ಕಮ್ಮಿ. ಶುರುವಲ್ಲಿ ಕತ್ತು ಎಷ್ಟು ತಿರುಗಲ್ಲ ಅನ್ನೋದು ಮುಖ್ಯ, ಚೆನ್ನಾಗಿ ತಿರುಗೋ ಕಡೆಗೆ ಹೋಲಿಸಿದ್ರೆ 15 ಡಿಗ್ರಿಗಿಂತ ಜಾಸ್ತಿ ಕೊರತೆ ಇದ್ರೆ ದಾರಿ ಉದ್ದ, ಅದಕ್ಕೇ ಮೊದಲ ದಿನವೇ ಅಳೆದು ಬರೆದಿಡೋಕೆ ಹೇಳಿ. ಕನಿಷ್ಠ 6 ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ, ಮಗುವಿಗೆ ವರ್ಷ ದಾಟಿದ ಮೇಲೂ ಅಷ್ಟು ಕೊರತೆ ಉಳಿದಿದ್ರೆ ಸರ್ಜನ್ ಹತ್ರ ಕಳಿಸ್ತೀವಿ. ನಡುವೆ ಕೆಲವರು ಸ್ನಾಯು ಸಡಿಲ ಮಾಡೋ ಬೊಟೊಕ್ಸ್ ಇಂಜೆಕ್ಷನ್ ಹೇಳ್ತಾರೆ, ಅದು ಈ ಕಾಯಿಲೆಗೆ ಅಂತ ಅನುಮತಿ ಪಡೆದ ಬಳಕೆ ಅಲ್ಲ, ಪಕ್ಕದ ಸ್ನಾಯುಗಳಿಗೆ ಹರಡಿದ್ರೆ ನುಂಗೋಕೆ ಕಷ್ಟ ಆಗಬಹುದು, ಪಳಗಿದ ಕೈ ಬೇಕು. ಆಪರೇಷನ್ ಅಂದ್ರೆ ಬಿಗಿದ ಸ್ನಾಯುವನ್ನ ಕೆಳತುದಿಯಲ್ಲೋ ಎರಡೂ ತುದಿಯಲ್ಲೋ ಬಿಡಿಸೋದು, ಸಾಮಾನ್ಯವಾಗಿ ಶಾಲೆಗೆ ಸೇರೋಕೆ ಮುಂಚೆ. ಗಾಯದ ಗುರುತು, ಕತ್ತಿನ ಮುಂಭಾಗದ ಆಕಾರ ಸ್ವಲ್ಪ ಬದಲಾಗೋದು, ಮತ್ತೆ ಬಿಗಿಯೋದು, ಅಪರೂಪಕ್ಕೆ ನರಕ್ಕೆ ಪೆಟ್ಟು, ಇವು ಅಪಾಯಗಳು. ಆಪರೇಷನ್ ಆಯ್ತು ಅಂತ ವ್ಯಾಯಾಮ ತಪ್ಪಲ್ಲ, ಆಮೇಲೂ ತಿಂಗಳುಗಟ್ಟಲೆ ಇದ್ದೇ ಇರತ್ತೆ. ಏನೂ ಮಾಡದೆ ಬಿಟ್ರೆ ಏನಾಗತ್ತೆ ಅಂದ್ರೆ, ಬಿಗಿ ಹಾಗೇ ಉಳಿದ ಮಕ್ಕಳಲ್ಲಿ ಬೆಳೀತಾ ಬೆಳೀತಾ ಮುಖದ ಒಂದು ಭಾಗ ಸಣ್ಣದಾಗಿ, ಕಣ್ಣು, ದವಡೆ ಓರೆ ಕಾಣತ್ತೆ, ಅದನ್ನ ಆಮೇಲೆ ಪೂರ್ತಿ ಸರಿಮಾಡೋದು ಕಷ್ಟ.

ಪ್ರತಿ 15 ದಿನಕ್ಕೊಮ್ಮೆ ಎರಡು ಫೋಟೋ ತೆಗೆದಿಡಿ, ಒಂದು ಅಂಗಾತ ಮಲಗಿಸಿ ಎದುರಿಂದ, ಇನ್ನೊಂದು ನೆತ್ತಿಯ ಮೇಲಿಂದ, ತಲೆ ಕೂದಲು ಒದ್ದೆ ಮಾಡಿದ್ರೆ ಆಕಾರ ಚೆನ್ನಾಗಿ ಕಾಣತ್ತೆ. ದಿನಾ ನೋಡೋ ಕಣ್ಣಿಗೆ ಬದಲಾವಣೆ ಗೊತ್ತಾಗಲ್ಲ, ಫೋಟೋಗೆ ಗೊತ್ತಾಗತ್ತೆ. ಹಲ್ಲು ಬರುವಾಗ, ಜ್ವರ ಬಂದಾಗ, ಹೊಸದಾಗಿ ಕೂರೋಕೆ ಅಥವಾ ನಡೆಯೋಕೆ ಕಲಿಯುವಾಗ ಹಳೇ ವಾಲು ಒಂದೆರಡು ವಾರ ವಾಪಸ್ ಬರತ್ತೆ, ಕೆಲಸ ಎಲ್ಲಾ ಹಾಳಾಯ್ತು ಅಂತ ಆಗ ಫೋನ್ ಮಾಡ್ತಾರೆ, ಹಾಳಾಗಿರಲ್ಲ. ಕತ್ತು ಎರಡೂ ಕಡೆ ಸಮ ಆಗಿ, ನಡುಗೆರೆಯಲ್ಲಿ ತಲೆ ನಿಲ್ಲಿಸಿ, ಎರಡೂ ಕೈ ಒಂದೇ ತರ ಬಳಸೋ ಹಾಗಾದ್ಮೇಲೆ ಥೆರಪಿ ನಿಲ್ಲಿಸ್ತಾರೆ, ನಿಲ್ಲಿಸಿದ 3ರಿಂದ 12 ತಿಂಗಳ ಒಳಗೆ ಅಥವಾ ನಡೆಯೋಕೆ ಶುರು ಮಾಡಿದಾಗ ಇನ್ನೊಂದು ಸಲ ತೋರಿಸಿ, ಆ ದಿನಕ್ಕೆ ಹಳೇ ಫೋಟೋಗಳನ್ನೂ ತಗೊಂಡು ಹೋಗಿ.